ಓದುಗರ ಪ್ರಶ್ನೆ: ಹೊಸ ಡೈರೆಕ್ಟ್‌ಎಕ್ಸ್ ಬಂತು, ನನ್ನ ಹಳೆ ಕಾರ್ಡಿನ ಗತಿ ಏನು?

ಹೋದ ಸಂಚಿಕೆಯಲ್ಲಿ ರೇ ಟ್ರೇಸಿಂಗ್ (ಆಟದೊಳಗಿನ ಬೆಳಕನ್ನು ಆಡುವಾಗಲೇ ಲೆಕ್ಕ ಹಾಕುವ ಕ್ರಮ) ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮಂಡ್ಯ, ಮೈಸೂರು ಕಡೆಯವೇ ಜಾಸ್ತಿ. ಅರ್ಧ ಜನ ಸಿಟ್ಟಾಗಿದ್ದಾರೆ. ಇನ್ನರ್ಧ ಜನ ಯಾವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಿ ಹೇಳಿ ಅಂತ ಕೂತಿದ್ದಾರೆ. ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಬೆಂಗಳೂರಿನ ಗೇಮ್ ಸ್ಟುಡಿಯೊಗಳಲ್ಲಿ ಪೋರ್ಟಿಂಗ್ ಮಾಡುತ್ತಿದ್ದವನು. ಅಂದರೆ ಕನ್ಸೋಲಿಗೆ (ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗೆ) ಬರೆದ ಆಟವನ್ನು ಪಿಸಿಗೆ ತರುವ ಕೆಲಸ. ಈಗ ಕುವೆಂಪುನಗರದ ಮನೆಯಲ್ಲಿ ಕೂತು ಅದನ್ನೇ ಮಾಡುತ್ತೇನೆ. ಹಾಗಾಗಿ ಇಲ್ಲಿನ ಉತ್ತರಗಳೆಲ್ಲ ಆಟ ಮಾಡುವವರ ಕಡೆಯಿಂದ ನೋಡಿ ಬರೆದವು. ಕಾರ್ಡ್ ಮಾರುವವರು ಬೇರೆ ಹೇಳಬಹುದು.

ಪ್ರಶ್ನೆ: ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಅಪ್ಪ ಕೊಡಿಸಿದ ಪಿಸಿಯಲ್ಲಿ ಜಿಟಿಎಕ್ಸ್ 1650 ಕಾರ್ಡ್ ಇದೆ. 'ಡೂಮ್: ದ ಡಾರ್ಕ್ ಏಜಸ್' ಹಾಕೋಣ ಅಂದರೆ ರೇ ಟ್ರೇಸಿಂಗ್ ಇರುವ ಕಾರ್ಡ್ ಕಡ್ಡಾಯವಂತೆ. ಸೆಟ್ಟಿಂಗ್ ಪೂರ್ತಿ ಕೆಳಗಿಳಿಸಿ ಆಡುತ್ತೇನೆ ಅಂದರೂ ಬಿಡುವುದಿಲ್ಲ. ಇದ್ಯಾವ ನ್ಯಾಯ? — ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ

ಉತ್ತರ: ಆನ್‌ಲೈನ್ ಕ್ಲಾಸಿಗೆ ಗ್ರಾಫಿಕ್ಸ್ ಕಾರ್ಡ್ ಯಾಕೆ ಬೇಕಿತ್ತು ಅಂತ ನಾನು ಕೇಳುವುದಿಲ್ಲ. ನಿಮ್ಮಪ್ಪನೂ ಕೇಳಿರಲಿಕ್ಕಿಲ್ಲ.

ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿ. ಡೈರೆಕ್ಟ್‌ಎಕ್ಸ್ ಅಂದರೆ ವಿಂಡೋಸ್‌ನಲ್ಲಿ ಆಟ ಕಾರ್ಡಿನ ಜತೆ ಮಾತಾಡುವ ಪದ್ಧತಿ. ಅದಕ್ಕೆ ರೇ ಟ್ರೇಸಿಂಗ್ ಸೇರಿಸುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದ್ದು 2018ರ ಮಾರ್ಚ್‌ನಲ್ಲಿ. ಅದನ್ನು ಓಡಿಸುವ ಆರ್‌ಟಿಎಕ್ಸ್ 20 ಸರಣಿಯ ಕಾರ್ಡ್‌ಗಳು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದವು. ನಿಮ್ಮ 1650 ಬಂದದ್ದು 2019ರ ಏಪ್ರಿಲ್‌ನಲ್ಲಿ. ಅಂದರೆ ತಂತ್ರಜ್ಞಾನ ಮಾರುಕಟ್ಟೆಯಲ್ಲಿದ್ದಾಗಲೇ, ಅದನ್ನು ಬಿಟ್ಟು ಮಾಡಿದ ಅಗ್ಗದ ಕಾರ್ಡ್ ಅದು. ಆದರೂ ಅಷ್ಟು ವರ್ಷ ನಿಮಗೆ ಯಾರೂ ಬಾಗಿಲು ಹಾಕಲಿಲ್ಲ. ಯಾಕೆ?

ಕನ್ಸೋಲ್ ಕಾರಣ. 2018ರಲ್ಲಿ ಎಲ್ಲರ ಮನೆಯಲ್ಲಿ ಇದ್ದದ್ದು ಪಿಎಸ್ 4 ಮತ್ತು ಎಕ್ಸ್‌ಬಾಕ್ಸ್ ಒನ್. ಎರಡೂ 2013ರ ಯಂತ್ರಗಳು. ಅವುಗಳಲ್ಲಿ ರೇ ಟ್ರೇಸಿಂಗ್ ಮಾಡುವ ಚಿಪ್ ಇಲ್ಲ. ಪಿಎಸ್ 4 ಒಂದೇ 11 ಕೋಟಿಗೂ ಜಾಸ್ತಿ ಮಾರಾಟವಾಗಿದೆ. ಇಷ್ಟು ಗಿರಾಕಿಗಳನ್ನು ಯಾವ ಸ್ಟುಡಿಯೊ ಬಿಡುತ್ತದೆ? ಪಿಎಸ್ 5, ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳು 2020ರ ನವೆಂಬರ್‌ನಲ್ಲಿ ರೇ ಟ್ರೇಸಿಂಗ್ ಹೊತ್ತು ಬಂದವು. ಆದರೂ 2022ರ 'ಗಾಡ್ ಆಫ್ ವಾರ್ ರಾಗ್ನರಾಕ್' ಪಿಎಸ್ 4ಕ್ಕೂ ಬಂತು. ಹಳೆ ಕನ್ಸೋಲ್ ಪಟ್ಟಿಯಲ್ಲಿ ಇರುವವರೆಗೆ ಅದಕ್ಕೆ ಬೇಕಾದ ಹಳೆ ದಾರಿಯನ್ನೂ ಆಟದೊಳಗೆ ಇಟ್ಟಿರಬೇಕು. ಆ ದಾರಿಯಲ್ಲಿ ನಿಮ್ಮ 1650 ಕೂಡ ನಡೆದು ಹೋಗುತ್ತಿತ್ತು, ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಬಂದ 'ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್' ಹಳೆ ಕನ್ಸೋಲನ್ನು ಕೈಬಿಟ್ಟಿತು. 2025ರ ಡೂಮ್ ಕೂಡ. ನಿಮ್ಮ ಕಾರ್ಡಿಗೆ ಬಾಗಿಲು ಮುಚ್ಚಿದ್ದು ಆಗ.

ಪಿಸಿ ಆಟದ ಕನಿಷ್ಠ ಮಟ್ಟ ಎಷ್ಟು ಅನ್ನುವುದು ಪಿಸಿ ಮಾರುಕಟ್ಟೆಯಲ್ಲಿ ತೀರ್ಮಾನ ಆಗುವುದು ಕಡಿಮೆ. ಟಿವಿ ಕೆಳಗೆ ಕೂತ ಪೆಟ್ಟಿಗೆಯಲ್ಲಿ ಏನಿದೆಯೋ ಅದರ ಮೇಲೆ ಆಗುತ್ತದೆ. ಈ ಅಂಕಣದಲ್ಲಿ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನು, ಸೆಟ್ಟಿಂಗ್‌ನಲ್ಲಿ ಆಫ್ ಮಾಡಲು ಯಾಕೆ ಬಿಡುವುದಿಲ್ಲ? ಹಳೆ ಕ್ರಮದಲ್ಲಿ ಬೆಳಕನ್ನು ಮೊದಲೇ ಲೆಕ್ಕ ಹಾಕಿ ಇಡುತ್ತಿದ್ದೆವು. ಯಾವ ಗೋಡೆಗೆ ಎಷ್ಟು ಬೆಳಕು, ಎಲ್ಲಿ ನೆರಳು ಅನ್ನುವುದನ್ನೆಲ್ಲ ಚಿತ್ರದ ಹಾಗೆ ಗೋಡೆಗೇ ಅಂಟಿಸಿಬಿಡುವುದು. ಇದಕ್ಕೆ ಬೇಕಿಂಗ್ ಅನ್ನುತ್ತಾರೆ. ಸಂಜೆ ಬೇಕಿಂಗಿಗೆ ಹಾಕಿ ಮನೆಗೆ ಹೋದರೆ ಬೆಳಿಗ್ಗೆ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಅಷ್ಟರಲ್ಲಿ ಲೆವೆಲ್ ಡಿಸೈನರ್ ಬಂದು "ಈ ಬಾಗಿಲು ಒಂಚೂರು ಎಡಕ್ಕೆ ಇರಲಿ" ಅನ್ನುತ್ತಿದ್ದ. ಮತ್ತೆ ಶುರು. ರೇ ಟ್ರೇಸಿಂಗ್‌ನಲ್ಲಿ ಬಾಗಿಲು ಸರಿಸಿದ ಕ್ಷಣವೇ ಬೆಳಕೂ ಸರಿಯುತ್ತದೆ. ಆದರೆ ಈ ಸುಖ ಪೂರ್ತಿ ಸಿಗಬೇಕಾದರೆ ಹಳೆ ಬೆಳಕನ್ನು ಬಿಟ್ಟುಬಿಡಬೇಕು. ಎರಡೂ ಇಟ್ಟುಕೊಂಡರೆ ಡಬಲ್ ಕೆಲಸ. ಡೂಮ್‌ನಲ್ಲಿ ನೀವು ಆಫ್ ಮಾಡಿದರೆ ತೋರಿಸಲು ಬೇರೆ ಬೆಳಕೇ ಇಲ್ಲ.

ನ್ಯಾಯ ಕೇಳಿದಿರಿ. ಸಮಯ ಉಳಿದದ್ದು ಸ್ಟುಡಿಯೊಗೆ, ದುಡ್ಡು ಹೋಗುವುದು ನಿಮ್ಮದು. ನ್ಯಾಯ ಅಂತ ನಾನು ಹೇಳಲಾರೆ.

ಕೊಳ್ಳುವುದೇ ಆದರೆ ಒಂದು ಎಚ್ಚರಿಕೆ. ಇವೆರಡೂ ಆಟಗಳು ಕೇಳುವ ಕನಿಷ್ಠ ಕಾರ್ಡ್ 8 ಜಿಬಿಯ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 2060 ಸೂಪರ್. 1650ಗೆ ಬೇರೆ ಪವರ್ ವೈರ್ ಬೇಕಿಲ್ಲದೆ ಇರುವುದೇ ಜಾಸ್ತಿ. 6600ಕ್ಕೆ 8 ಪಿನ್ ವೈರ್ ಬೇಕು. ನಿಮ್ಮ ಎಸ್‌ಎಂಪಿಎಸ್‌ನಲ್ಲಿ (ಪಿಸಿಗೆ ಕರೆಂಟ್ ಕೊಡುವ ಭಾಗ) ಅದು ಇದೆಯಾ ಅಂತ ಪಿಸಿಯ ಡಬ್ಬ ಬಿಚ್ಚಿ ನೋಡಿ, ಆಮೇಲೆ ದುಡ್ಡು ಕೊಡಿ. ವೈರ್ ಬೇಡದ 6 ಜಿಬಿ ಆರ್‌ಟಿಎಕ್ಸ್ 3050 ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ಅದರಲ್ಲಿ ರೇ ಟ್ರೇಸಿಂಗ್ ಇದೆ, ಆದರೆ ಮೆಮೊರಿ ಆಟ ಕೇಳುವಷ್ಟಿಲ್ಲ.

ಪ್ರಶ್ನೆ: ಒಂದೇ ಆಟದಲ್ಲಿ ಡಿಎಕ್ಸ್ (ಡೈರೆಕ್ಟ್‌ಎಕ್ಸ್) 11, ಡಿಎಕ್ಸ್ 12 ಎರಡೂ ಆಯ್ಕೆ ಇರುತ್ತದೆ. ಹೊಸದು ಅಂತ 12 ಹಾಕಿದರೆ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕಮ್ಮಿ, ನಡುನಡುವೆ ಜರ್ಕ್ ಬೇರೆ. ಭಾವನ ಮನೆಯ ಪಿಎಸ್ 5ರಲ್ಲಿ ಅದೇ ಆಟ ನೀರು ಹರಿದ ಹಾಗೆ ಓಡುತ್ತದೆ. ನನ್ನ ಪಿಸಿಗೆ ಅದರ ಎರಡರಷ್ಟು ದುಡ್ಡು ಸುರಿದಿದ್ದೇನೆ. — ಕೃಷಿಕ, ಪಾಂಡವಪುರ

ಉತ್ತರ: ನೀರಿನ ಮಾತು ನೀವೇ ಎತ್ತಿದಿರಿ, ಅದರಲ್ಲೇ ಹೇಳುತ್ತೇನೆ. ಡಿಎಕ್ಸ್ 11ರಲ್ಲಿ ಕಾರ್ಡಿನ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ನಿಮ್ಮ ನಾಲೆಯ ನೀರುಗಂಟಿ ಇದ್ದ ಹಾಗೆ. ಯಾವ ಗದ್ದೆಗೆ ಯಾವಾಗ ತೂಬು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು, ಎಲ್ಲ ಅವನೇ ನೋಡಿಕೊಳ್ಳುತ್ತಾನೆ. ಸ್ವಲ್ಪ ನಿಧಾನ, ಆದರೆ ಪೈರು ಒಣಗುವುದಿಲ್ಲ. ಡಿಎಕ್ಸ್ 12 ಬಂದು ನೀರುಗಂಟಿಯನ್ನು ಮನೆಗೆ ಕಳಿಸಿ, ತೂಬಿನ ಕೀಲಿಯನ್ನು ರೈತನ ಕೈಗೇ ಕೊಟ್ಟಿತು. ಇಲ್ಲಿ ರೈತ ಅಂದರೆ ಆಟ ಬರೆಯುವವನು. ಮೆಮೊರಿ ಎಲ್ಲಿ ತೆಗೆದುಕೊಳ್ಳಬೇಕು, ಯಾವ ಕೆಲಸ ಮುಗಿದ ಮೇಲೆ ಯಾವುದು ಶುರು ಆಗಬೇಕು, ಎಲ್ಲ ಅವನ ತಲೆಗೆ.

ಸುಮ್ನೆ ಕೊಟ್ಟದ್ದಲ್ಲ. ಪ್ರೊಸೆಸರ್‌ಗಳಲ್ಲಿ ಕೋರ್‌ಗಳು ನಾಲ್ಕು, ಆರು, ಎಂಟು ಅಂತ ಏರುತ್ತಿದ್ದವು. ಡಿಎಕ್ಸ್ 11ರ ಡ್ರೈವರ್ ಮಾತ್ರ ಹೆಚ್ಚಿನ ಕೆಲಸವನ್ನು ಒಂದೇ ಕೋರ್ ಮೇಲೆ ಹೇರುತ್ತಿತ್ತು. ಕನ್ಸೋಲಿಗೆ ಬರೆಯುವವರು ಚಿಪ್ ಜತೆ ನೇರ ಮಾತಾಡುತ್ತಿದ್ದರು, ಪಿಸಿಯಲ್ಲೂ ಹಾಗೇ ಬೇಕು ಅಂದರು. 2013ರಲ್ಲಿ ಕಾರ್ಡ್ ಮಾಡುವ ಎಎಂಡಿ ಕಂಪನಿ ಮ್ಯಾಂಟಲ್ ಅನ್ನುವ ಇಂಥ ಪದ್ಧತಿ ತಂದಿತು. 2014ರಲ್ಲಿ ಆ್ಯಪಲ್‌ನ ಮೆಟಲ್, 2015ರಲ್ಲಿ ವಿಂಡೋಸ್ 10 ಜತೆ ಡಿಎಕ್ಸ್ 12, 2016ರ ಫೆಬ್ರುವರಿಯಲ್ಲಿ ವಲ್ಕನ್. ಈ ವಲ್ಕನ್‌ಗೆ ಬುನಾದಿ ಅದೇ ಮ್ಯಾಂಟಲ್.

ಗ್ರಾಫಿಕ್ಸ್‌ಗೆಂದೇ ಒಂದು ದೊಡ್ಡ ತಂಡ ಇರುವ ಸ್ಟುಡಿಯೊ ಈ ಕೀಲಿಯಿಂದ ನಿಜವಾಗಿ ವೇಗ ತೆಗೆದಿದೆ. ಆದರೆ ಎಷ್ಟೋ ಆಟಗಳಲ್ಲಿ ಡಿಎಕ್ಸ್ 12 ಕೊನೆ ಗಳಿಗೆಯಲ್ಲಿ ಸೇರಿಸಿದ ಆಯ್ಕೆ. ಎದುರಿಗೆ ಇರುವುದು ವರ್ಷಗಟ್ಟಲೆ ತಿದ್ದಿ ತೀಡಿದ ಡಿಎಕ್ಸ್ 11 ಡ್ರೈವರ್. ಸೋಲದೆ ಏನು ಮಾಡುತ್ತದೆ? ಅಂಥ ಆಟದಲ್ಲಿ ನಾಚಿಕೆ ಬಿಟ್ಟು 11ರಲ್ಲೇ ಆಡಿ. ನಾನೂ ಹಾಗೇ ಮಾಡುವುದು.

ಜರ್ಕ್ ವಿಷಯ ಬೇರೆ. ಬೆಂಕಿ, ಹೊಗೆ, ಒದ್ದೆ ನೆಲ, ಪ್ರತಿಯೊಂದಕ್ಕೂ ಶೇಡರ್ ಅನ್ನುವ ಸಣ್ಣ ಪ್ರೋಗ್ರಾಂ ಇರುತ್ತದೆ. ಅದು ನಿಮ್ಮ ಕಾರ್ಡಿಗೆ ಅರ್ಥವಾಗುವ ಭಾಷೆಗೆ ಕಂಪೈಲ್ ಆಗಬೇಕು. ನಿಮ್ಮ ಭಾವನ ಪಿಎಸ್ 5ರ ಗ್ರಾಫಿಕ್ಸ್ ಚಿಪ್ ಯಾವುದು ಅಂತ ಸ್ಟುಡಿಯೊಗೆ ಮೊದಲೇ ಗೊತ್ತು. ಅದಕ್ಕೇ ಕಂಪೈಲ್ ಮಾಡಿಯೇ ಕಳಿಸುತ್ತಾರೆ. ಪಿಸಿಯಲ್ಲಿ ಯಾರ ಮನೆಯಲ್ಲಿ ಯಾವ ಕಾರ್ಡ್, ಯಾವ ಡ್ರೈವರ್ ಅಂತ ಯಾರಿಗೆ ಗೊತ್ತು? ಹಾಗಾಗಿ ಆ ಕೆಲಸ ನಿಮ್ಮ ಮನೆಯಲ್ಲೇ ಆಗುತ್ತದೆ. ಒಳ್ಳೆಯ ಸ್ಟುಡಿಯೊ ಆಟ ಶುರು ಆಗುವ ಮೊದಲೇ ನಿಮ್ಮನ್ನು ಕಾಯಿಸಿ ಅದನ್ನು ಮುಗಿಸುತ್ತದೆ. 2023ರಲ್ಲಿ 'ದ ಲಾಸ್ಟ್ ಆಫ್ ಅಸ್ ಪಾರ್ಟ್ 1' ಪಿಸಿಗೆ ಬಂದಾಗ ಜನ ಈ ಕಾಯುವಿಕೆಗೇ ರೇಗಿದ್ದರು. ಕಾಯಿಸದ ಆಟದಲ್ಲಿ ಮೊದಲ ಬಾಂಬ್ ಸಿಡಿದಾಗ ಜರ್ಕ್. ಎರಡನೇ ಸಲ ಅದೇ ಬಾಂಬಿಗೆ ಜರ್ಕ್ ಇಲ್ಲ. ಗಮನಿಸಿ ನೋಡಿ.

ಇದು ಪಿಸಿಯ ಹಣೆಬರಹ ಅಂತ ಅಂದುಕೊಳ್ಳಬೇಡಿ. ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಒಳಗೆ ಪಿಸಿಯೇ. ಆದರೆ ಚಿಪ್ ಹೆಚ್ಚುಕಮ್ಮಿ ಒಂದೇ ಆದ್ದರಿಂದ ಸಿದ್ಧ ಶೇಡರ್‌ಗಳನ್ನು ಡೌನ್‌ಲೋಡ್ ಜತೆಗೇ ಕೊಡಲು ಆಗುತ್ತದೆ. 2022ರಲ್ಲಿ 'ಎಲ್ಡನ್ ರಿಂಗ್' ದುಬಾರಿ ಪಿಸಿಗಳಲ್ಲಿ ಎಡವುತ್ತಿದ್ದಾಗ ಡೆಕ್ ಮೇಲೆ ಆ ಜರ್ಕ್ ಕಮ್ಮಿ ಇತ್ತು. ಮೈಕ್ರೋಸಾಫ್ಟ್ ಕೂಡ 2025ರಲ್ಲಿ ಎಕ್ಸ್‌ಬಾಕ್ಸ್ ಅಲೈ ಕೈಯಂತ್ರದ ಜತೆ ಇದೇ ದಾರಿ ಹಿಡಿದಿದೆ. ನನ್ನ ಲೆಕ್ಕದಲ್ಲಿ ರೇ ಟ್ರೇಸಿಂಗ್‌ನ ಹೊಳೆಯುವ ಪ್ರತಿಬಿಂಬಗಳಿಗಿಂತ ಇದು ದೊಡ್ಡ ಸುದ್ದಿ. ಯಾರೂ ಪೋಸ್ಟರ್ ಹಾಕುವುದಿಲ್ಲ, ಅಷ್ಟೇ.

ಸದ್ಯಕ್ಕೆ ನೀವು ಮಾಡಬೇಕಾದ್ದು: ಶೇಡರ್ ಸಿದ್ಧವಾಗುತ್ತಿದೆ ಅಂತ ಬಂದರೆ ಬಿಟ್ಟುಬಿಡಿ, ಕಾಫಿ ಕುಡಿದು ಬನ್ನಿ. ಡ್ರೈವರ್ ಅಪ್‌ಡೇಟ್ ಮಾಡಿದರೆ ಎಲ್ಲ ಮತ್ತೆ ಕಂಪೈಲ್ ಆಗಬೇಕಾಗಬಹುದು. ಆಟ ಸರಿಯಾಗಿ ಓಡುತ್ತಿದ್ದರೆ ವಾರಕ್ಕೊಮ್ಮೆ ಡ್ರೈವರ್ ಹಾಕುವ ಚಟ ಬೇಡ.

ಪ್ರಶ್ನೆ: ಪಿಎಸ್ 5ರಲ್ಲಿ ಯಾವ ಡೈರೆಕ್ಟ್‌ಎಕ್ಸ್ ಇದೆ? — 9ನೇ ತರಗತಿ, ಶ್ರೀರಂಗಪಟ್ಟಣ

ಉತ್ತರ: ಯಾವುದೂ ಇಲ್ಲ ಪುಟ್ಟ. ಡೈರೆಕ್ಟ್‌ಎಕ್ಸ್ ಮೈಕ್ರೋಸಾಫ್ಟ್‌ನದು, ಅದರ ಕನ್ಸೋಲ್ ಎಕ್ಸ್‌ಬಾಕ್ಸ್. ಆ ಹೆಸರೇ ಡೈರೆಕ್ಟ್‌ಎಕ್ಸ್ ಬಾಕ್ಸ್ ಅನ್ನುವುದರಿಂದ ಬಂದದ್ದು. ಸೋನಿ ತನ್ನದೇ ದಾರಿ ಮಾಡಿಕೊಂಡಿದೆ. ನಿಂಟೆಂಡೊ ಸ್ವಿಚ್‌ಗೆ ಎನ್‌ವಿಎನ್ ಅಂತ ಇನ್ನೊಂದು, ಅದರಲ್ಲಿ ವಲ್ಕನ್ ಕೂಡ ನಡೆಯುತ್ತದೆ. ಒಂದೇ ಆಟ ಎಲ್ಲ ಕಡೆ ಬರಬೇಕಾದರೆ ಒಂದೇ ಚಿತ್ರವನ್ನು ಮೂರ್ನಾಲ್ಕು ರೀತಿ ಬರೆಯಬೇಕು. ನನ್ನಂಥವರ ಹೊಟ್ಟೆ ತುಂಬುವುದು ಅದರಿಂದಲೇ.

ಪ್ರಶ್ನೆ: ಮಗನಿಗೆ ಕಾರ್ಡ್ ಕೊಡಿಸಿ ಕೊಡಿಸಿ ಸಾಕಾಗಿದೆ. ಈ ಡೈರೆಕ್ಟ್‌ಎಕ್ಸ್, ಸ್ಟ್ಯಾಂಡರ್ಡ್ ಅನ್ನುವುದೆಲ್ಲ ಹೊಸ ಕಾರ್ಡ್ ಮಾರುವ ತಂತ್ರ ಅಲ್ವಾ? — ನಿವೃತ್ತ ಬ್ಯಾಂಕ್ ನೌಕರರು, ಸರಸ್ವತಿಪುರಂ

ಉತ್ತರ: ನಿಮ್ಮ ಅನುಮಾನಕ್ಕೆ ಇತಿಹಾಸದ ಬೆಂಬಲ ಇದೆ. ಡೈರೆಕ್ಟ್‌ಎಕ್ಸ್ 10 ಬಂದಾಗ ಅದು ವಿಂಡೋಸ್ ವಿಸ್ತಾದಲ್ಲಿ ಮಾತ್ರ, ಎಕ್ಸ್‌ಪಿಗೆ ಕೊಡುವುದಿಲ್ಲ ಅಂದರು. 2007ರಲ್ಲಿ 'ಹೇಲೊ 2' ಪಿಸಿಗೆ ಬಂದಾಗ ವಿಸ್ತಾ ಕಡ್ಡಾಯ ಮಾಡಿದರು. ತಮಾಷೆ ಅಂದರೆ ಆ ಆಟ ಓಡುತ್ತಿದ್ದದ್ದು ಹಳೆ ಡೈರೆಕ್ಟ್‌ಎಕ್ಸ್ 9ರ ಮೇಲೆ. ಅದೇ ವರ್ಷದ 'ಕ್ರೈಸಿಸ್' ಆಟದಲ್ಲಿ ಅತಿ ಮೇಲಿನ ಸೆಟ್ಟಿಂಗ್ ಡಿಎಕ್ಸ್ 10 ಇದ್ದವರಿಗೆ ಮಾತ್ರ ಅಂದರು. ಹುಡುಗರು ಕಾನ್ಫಿಗ್ ಫೈಲ್ ತಿದ್ದಿ, ಅದರಲ್ಲಿ ಬಹುಪಾಲನ್ನು ಎಕ್ಸ್‌ಪಿಯಲ್ಲೇ ತೋರಿಸಿಬಿಟ್ಟರು. ಅದು ಮಾರುವ ತಂತ್ರವೇ, ಬೇರೆ ಹೆಸರು ಬೇಡ.

ಆದರೆ ಸ್ಟ್ಯಾಂಡರ್ಡ್ ಗಟ್ಟಿ ಇಲ್ಲದ ಕಾಲವೂ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್ ರಾಜ. ಅದರ ಗ್ಲೈಡ್ ಅನ್ನುವ ಪದ್ಧತಿಗೆ ಬರೆದ ಆಟದ ಸೊಗಸು ಬೇರೆ ಕಂಪನಿಯ ಕಾರ್ಡಿನಲ್ಲಿ ಕಾಣುತ್ತಿರಲಿಲ್ಲ. ಆಮೇಲೆ ಆ ಕಂಪನಿ ಮುಳುಗಿತು, ಅದರ ಆಸ್ತಿಯನ್ನು ಎನ್‌ವಿಡಿಯಾ ಕೊಂಡಿತು. ಗ್ಲೈಡ್ ನಂಬಿದವರು ನಡುದಾರಿಯಲ್ಲಿ ಉಳಿದರು. ಡೈರೆಕ್ಟ್‌ಎಕ್ಸ್, ವಲ್ಕನ್ ಇರುವುದರಿಂದಲೇ ನಿಮ್ಮ ಮಗ ಇವತ್ತು ಮೂರು ಕಂಪನಿಗಳ ಕಾರ್ಡಿನಲ್ಲಿ ಅಗ್ಗದ್ದನ್ನು ಆರಿಸಬಹುದು. ಮುಂದಿನ ಸಲ ಕೇಳಿದರೆ ಅವನು ಆಡುವ ಆಟದ ಹೆಸರು ಕೇಳಿ, ಕಾರ್ಡಿನ ಹೆಸರಲ್ಲ.

ಪ್ರಶ್ನೆ: ಕೊನೆ ವರ್ಷದ ಪ್ರಾಜೆಕ್ಟ್‌ಗೆ ದೇವರಾಜ ಮಾರುಕಟ್ಟೆಯೊಳಗೆ ನಡೆಯುವ ಆಟ ಮಾಡುತ್ತಿದ್ದೇವೆ. ಬೆಳಿಗ್ಗೆ ಹೂವಿನ ವ್ಯಾಪಾರದ ಒಂದು ಗಂಟೆಯ ಕತೆ. ಅನ್‌ರಿಯಲ್ 5 ಎಂಜಿನ್‌ನಲ್ಲಿ (ಆಟ ಕಟ್ಟುವ ಸಾಫ್ಟ್‌ವೇರ್) ವಿವರಗಳಿಗೆ ನ್ಯಾನೈಟ್, ಬೆಳಕಿಗೆ ಲ್ಯೂಮೆನ್ ಎರಡೂ ಹಾಕಿದ್ದೇವೆ. ಕಾಲೇಜು ಲ್ಯಾಬಿನ ಆರ್‌ಟಿಎಕ್ಸ್ 4070ರಲ್ಲಿ ಅದ್ಭುತ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ತೆರೆಯುವುದೇ ಇಲ್ಲ. ಮುಂದೆ ಸ್ಟೀಮ್‌ನಲ್ಲಿ (ಪಿಸಿ ಆಟಗಳ ಆನ್‌ಲೈನ್ ಅಂಗಡಿ), ಸಾಧ್ಯವಾದರೆ ಕನ್ಸೋಲ್‌ನಲ್ಲೂ ಬಿಡುವ ಆಸೆ. — ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಮೈಸೂರು

ಉತ್ತರ: ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬ ಖುಷಿ ಕೊಟ್ಟದ್ದು ಇದು. ನೀವು ಕಳಿಸಿದ ವಿಡಿಯೊ ನೋಡಿದೆ. ಮಲ್ಲಿಗೆ ಮಾರುಗಳ ರಾಶಿ, ಅರಿಶಿನ ಕುಂಕುಮದ ಗುಡ್ಡೆಗಳು, ನೇತು ಹಾಕಿದ ಬಾಳೆಗೊನೆಗಳು, ಚೆನ್ನಾಗಿವೆ. ಈಗ ಬೈಯುತ್ತೇನೆ.

ಲ್ಯೂಮೆನ್ ಇರುವುದು ಬೆಳಕು ಬದಲಾಗುವ ಆಟಕ್ಕೆ. ಗೋಡೆ ಒಡೆಯುತ್ತದೆ, ಸೂರ್ಯ ಮುಳುಗುತ್ತಾನೆ, ಅಂಥದಕ್ಕೆ. ನಿಮ್ಮ ಕತೆ ಒಂದು ಗಂಟೆಯದು. ಮಾಡು ಅಲುಗಾಡುವುದಿಲ್ಲ, ಅಂಗಡಿಗಳ ಸಾಲು ಸರಿಯುವುದಿಲ್ಲ. ಮಾಡಿನ ಸಂದಿಯಿಂದ ಬೀಳುವ ಬಿಸಿಲಿನ ಕೋಲುಗಳು ಇದ್ದಲ್ಲೇ ಇರುತ್ತವೆ. ಮೇಲೆ ಮಂಡ್ಯದ ಹುಡುಗನಿಗೆ ಹೇಳಿದ ಬೇಕಿಂಗ್ ಹೇಳಿ ಮಾಡಿಸಿದ್ದೇ ಇದಕ್ಕೆ. ಒಂದು ರಾತ್ರಿ ಲ್ಯಾಬಿನ ಯಂತ್ರವನ್ನು ಅದಕ್ಕೆ ಬಿಡಿ. ಬೆಳಕು ಇಷ್ಟೇ ಚೆಂದ ಬರುತ್ತದೆ, ಆಡುವವನ ಕಾರ್ಡಿಗೆ ಖರ್ಚು ಬಹಳ ಕಮ್ಮಿ.

ನ್ಯಾನೈಟ್ ಬಗ್ಗೆ ಅಷ್ಟು ಕಠಿಣ ಆಗುವುದಿಲ್ಲ. ಕೋಟಿಗಟ್ಟಲೆ ತ್ರಿಕೋನ ಇರುವ ಮಾದರಿಯನ್ನು ಹಾಗೇ ಹಾಕಬಹುದು ಅನ್ನುವುದು ಕಲಾವಿದನಿಗೆ ವರ. ಆದರೆ ವಿಂಡೋಸ್‌ನಲ್ಲಿ ಅದಕ್ಕೆ ಡಿಎಕ್ಸ್ 12 ಮತ್ತು ಶೇಡರ್ ಮಾಡೆಲ್ 6.6 ಬೇಕು. ಇಲ್ಲದ ಕಡೆ ಒರಟಾದ ಬದಲಿ ಮಾದರಿ ಕಾಣುತ್ತದೆ. ಆ ಬದಲಿ ಹೇಗಿದೆ ಅಂತ ನೀವು ಯಾರೂ ನೋಡಿಲ್ಲ ಅಂತ ಪಂದ್ಯ ಕಟ್ಟುತ್ತೇನೆ. ಬಾಳೆಹಣ್ಣಿಗೆ ಒಂದೊಂದಕ್ಕೂ ಅಷ್ಟು ವಿವರ ಬೇಡ, ಹತ್ತಿರ ಹೋಗಿ ಮುಟ್ಟುವ ಎರಡು ಗೊನೆ ಸಾಕು.

ಸ್ಟೀಮ್‌ನ ಹಾರ್ಡ್‌ವೇರ್ ಸರ್ವೆ ಪ್ರತಿ ತಿಂಗಳು ಬರುತ್ತದೆ, ಪುಕ್ಕಟೆ. ಅದರಲ್ಲಿ ವರ್ಷಗಟ್ಟಲೆ ಜಿಟಿಎಕ್ಸ್ 1060, ಆಮೇಲೆ 1650 ಮೊದಲ ಸ್ಥಾನದಲ್ಲಿದ್ದವು. ಈಗಲೂ 60 ನಂಬರಿನ ಮಧ್ಯಮ ಕಾರ್ಡ್‌ಗಳೇ ಮೇಲಿರುತ್ತವೆ, 4090 ಅಲ್ಲ. ನಿಮ್ಮ ತಂಡದಲ್ಲಿ ಯಾರ ಲ್ಯಾಪ್‌ಟಾಪ್ ತೀರಾ ಬಡವೋ ಅದನ್ನೇ ಪರೀಕ್ಷೆಯ ಯಂತ್ರ ಮಾಡಿಕೊಳ್ಳಿ.

ಕನ್ಸೋಲ್ ಆಸೆ ಇದ್ದರೆ ಈಗಲೇ ಕೆಳಗಿನ ಮಟ್ಟ ತೀರ್ಮಾನ ಮಾಡಿ. ಎಕ್ಸ್‌ಬಾಕ್ಸ್‌ನಲ್ಲಿ ಸೀರೀಸ್ ಎಕ್ಸ್‌ಗೆ 16 ಜಿಬಿ ಮೆಮೊರಿ, ಅಗ್ಗದ ಸೀರೀಸ್ ಎಸ್‌ಗೆ 10 ಜಿಬಿ. ಎರಡರಲ್ಲೂ ಆಟ ಓಡಬೇಕು ಅನ್ನುವುದು ಮೈಕ್ರೋಸಾಫ್ಟ್ ಕಟ್ಟಳೆ. 'ಬಾಲ್ಡರ್ಸ್ ಗೇಟ್ 3' ಇಷ್ಟು ದೊಡ್ಡ ಆಟ, ಈ ಎಸ್ ಕಾರಣಕ್ಕೆ ಎಕ್ಸ್‌ಬಾಕ್ಸ್‌ಗೆ ತಡವಾಯಿತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ, ಎಸ್‌ನಲ್ಲಿ ಸ್ಪ್ಲಿಟ್ ಸ್ಕ್ರೀನ್ (ಒಂದೇ ಪರದೆ ಹಂಚಿಕೊಂಡು ಇಬ್ಬರು ಆಡುವುದು) ಬಿಟ್ಟು ಬಂತು. ಅವರಿಗೇ ಅಷ್ಟು ಕಷ್ಟ ಆದರೆ ನಿಮಗೆ?

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ 'ರಾಜಿ' ನೋಡಿ. 2020ರಲ್ಲಿ ಮೊದಲು ಬಂದದ್ದು ಸ್ವಿಚ್‌ಗೆ. ಅದರ ಚಿಪ್ 2015ರ ಕಾಲದ್ದು. ಅನ್‌ರಿಯಲ್ 4ರಲ್ಲಿ ಮಾಡಿದ್ದಾರೆ. ಕತೆ ಹೇಳುವ ಭಾಗಗಳನ್ನು ಗೊಂಬೆಯಾಟದ ರೀತಿ ಇಟ್ಟಿದ್ದಾರೆ. ಬಡ ಯಂತ್ರಕ್ಕೆ ಒಪ್ಪುವ ಚೆಲುವು ಅದು, ಜತೆಗೆ ನಮ್ಮದು. ಅನ್‌ರಿಯಲ್ ಭಾರ ಅನ್ನಿಸಿದರೆ ಗೋಡೊ ಅನ್ನುವ ಇನ್ನೊಂದು ಎಂಜಿನ್ ಇದೆ. ಅದರ 4ನೇ ಆವೃತ್ತಿಯಲ್ಲಿ ವಲ್ಕನ್ ಜತೆಗೆ ಹಳೆ ಯಂತ್ರಗಳಿಗೆ ಓಪನ್‌ಜಿಎಲ್ ದಾರಿಯನ್ನೂ ಉಳಿಸಿದ್ದಾರೆ. ಆದರೆ ಕೊನೆ ವರ್ಷದ ನಡುವೆ ಎಂಜಿನ್ ಬದಲಿಸುವ ಸಾಹಸ ಬೇಡ, ಗೈಡ್ ಒಪ್ಪುವುದಿಲ್ಲ.

ಪ್ರಶ್ನೆ: ಗ್ರಾಫಿಕ್ಸ್ ಪ್ರೋಗ್ರಾಮರ್ ಆಗಬೇಕು. ಡಿಎಕ್ಸ್ 12 ಕಲಿಯಲಾ, ವಲ್ಕನ್ ಕಲಿಯಲಾ? — ಬಿಸಿಎ ವಿದ್ಯಾರ್ಥಿನಿ, ಮದ್ದೂರು

ಉತ್ತರ: ಮೊದಲು ಎರಡೂ ಬೇಡ. ವಲ್ಕನ್‌ನಲ್ಲಿ ಪರದೆ ಮೇಲೆ ಒಂದು ತ್ರಿಕೋನ ತರಲು ಸಾವಿರ ಸಾಲಿನಷ್ಟು ಕೋಡ್ ಬೇಕು. ಹೊಸಬರು ಅಲ್ಲೇ ಕೈಚೆಲ್ಲುತ್ತಾರೆ. ಓಪನ್‌ಜಿಎಲ್ ಅಥವಾ ಡಿಎಕ್ಸ್ 11ರಲ್ಲಿ ಶುರು ಮಾಡಿ, ಬೆಳಕು, ನೆರಳು, ಮ್ಯಾಟ್ರಿಕ್ಸ್ ಗಣಿತ ಕೈಗೆ ಹತ್ತಲಿ. ಆಮೇಲೆ ವಲ್ಕನ್. ಒಂದನ್ನು ಸರಿಯಾಗಿ ಕಲಿತವರಿಗೆ ಇನ್ನೊಂದು ಕಷ್ಟವಲ್ಲ, ಎರಡರಲ್ಲೂ ಯೋಚನೆ ಒಂದೇ.

ಶೇಡರ್ ಬರೆಯಲು ಎಚ್‌ಎಲ್‌ಎಸ್‌ಎಲ್, ಅಂದರೆ ಡೈರೆಕ್ಟ್‌ಎಕ್ಸ್‌ನ ಶೇಡರ್ ಭಾಷೆ, ಹಿಡಿಯಿರಿ. ಸೋನಿಯ ಶೇಡರ್ ಭಾಷೆಯೂ ಅದನ್ನೇ ಹೋಲುತ್ತದೆ. ವಲ್ಕನ್ ಬಳಸುವ ಸ್ಪಿರ್-ವಿ ಅನ್ನುವ ಶೇಡರ್ ರೂಪವನ್ನು ಮುಂದೆ ಡೈರೆಕ್ಟ್‌ಎಕ್ಸ್ ಕೂಡ ತೆಗೆದುಕೊಳ್ಳುತ್ತದೆ ಅಂತ ಮೈಕ್ರೋಸಾಫ್ಟ್ 2024ರಲ್ಲಿ ಹೇಳಿದೆ. ಎರಡು ಮನೆಗಳ ನಡುವಿನ ಗೋಡೆ ತೆಳುವಾಗುತ್ತಿದೆ. ಪಿಎಸ್ 5ಕ್ಕೆ ಆಟ ಬರೆಯುವ ಕಿಟ್ ಮನೆಯಲ್ಲಿ ಕೂತು ಕಲಿಯಲು ಸಿಗುವುದಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ. ಆದ್ದರಿಂದ ಕೆಲಸ ಕೊಡುವವರು ಅದನ್ನು ಕೇಳುವುದೂ ಇಲ್ಲ. ರೆಂಡರ್‌ಡಾಕ್ ಅನ್ನುವ ಉಚಿತ ಸಾಧನ ಹಾಕಿಕೊಳ್ಳಿ. ನೀವು ಬರೆದ ಒಂದು ಫ್ರೇಮ್ ಹೇಗೆ ಹೆಜ್ಜೆ ಹೆಜ್ಜೆಯಾಗಿ ಮೂಡಿತು ಅಂತ ಬಿಡಿಸಿ ತೋರಿಸುತ್ತದೆ. ಸಂದರ್ಶನದಲ್ಲಿ ಅದನ್ನು ತೆರೆದು ಮಾತಾಡುವ ಹುಡುಗಿಗೆ ನಾನಾದರೂ ಕೆಲಸ ಕೊಡುತ್ತೇನೆ.

ಇನ್ನೊಂದು: ಮದ್ದೂರಿನಿಂದ ರೈಲು ಹತ್ತಿದರೆ ಬೆಂಗಳೂರು. ಅಲ್ಲಿ ಧ್ರುವ ಇಂಟರಾಕ್ಟಿವ್ 1997ರಲ್ಲೇ ಶುರುವಾಗಿತ್ತು, 2019ರಲ್ಲಿ ಅದನ್ನು ಜಿಟಿಎ ಆಟ ಮಾಡುವ ರಾಕ್‌ಸ್ಟಾರ್ ಕೊಂಡಿತು. ಈ ಕೆಲಸಕ್ಕೆ ಅಮೆರಿಕಕ್ಕೇ ಹೋಗಬೇಕು ಅಂತೇನಿಲ್ಲ.

ಪ್ರಶ್ನೆ: ಸಣ್ಣ ಗೇಮಿಂಗ್ ಕೆಫೆ ಇದೆ. ಎಲ್ಲ ಯಂತ್ರಗಳೂ ವಿಂಡೋಸ್ 10. ಹುಡುಗರು ಆಡುವುದು ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಜಿಟಿಎ 5. ರೇ ಟ್ರೇಸಿಂಗ್ ಎಲ್ಲ ಇರುವ ಡಿಎಕ್ಸ್ 12 ಅಲ್ಟಿಮೇಟ್ ಕಾರ್ಡ್ ಹಾಕಿಸಿ ಅಂತ ಅಂಗಡಿಯವರು ಒತ್ತಾಯ ಮಾಡುತ್ತಿದ್ದಾರೆ. — ವಿಜಯನಗರ, ಮೈಸೂರು

ಉತ್ತರ: ಬೇಡ. ಕೌಂಟರ್ ಸ್ಟ್ರೈಕ್ 2 ವಿಂಡೋಸ್‌ನಲ್ಲಿ ಡಿಎಕ್ಸ್ 11ರಲ್ಲೇ ಓಡುತ್ತದೆ. ವ್ಯಾಲರಂಟ್ ಹಳೆ ಯಂತ್ರಗಳಿಗೂ ಸಿಗಲಿ ಅಂತಲೇ ಹಗುರಾಗಿ ಮಾಡಿದ ಆಟ. ಜಿಟಿಎ 5ಕ್ಕೆ 2025ರ ಮಾರ್ಚ್‌ನಲ್ಲಿ ರೇ ಟ್ರೇಸಿಂಗ್ ಇರುವ ಹೊಸ ಆವೃತ್ತಿ ಬಂತು, ಆದರೆ ಹಳೆಯದನ್ನೂ ಇಟ್ಟಿದ್ದಾರೆ.

ನಿಮ್ಮ ತಲೆನೋವು ಬೇರೆ ಕಡೆ ಇದೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿದರೆ ವ್ಯಾಲರಂಟ್‌ನ ಕಾವಲುಗಾರ ಪ್ರೋಗ್ರಾಂ ವ್ಯಾನ್‌ಗಾರ್ಡ್, ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಅನ್ನುವ ಯಂತ್ರದ ಭದ್ರತಾ ಸೌಲಭ್ಯಗಳು ಎರಡೂ ಆನ್ ಇರಲೇಬೇಕು ಅನ್ನುತ್ತದೆ. ಇಲ್ಲದಿದ್ದರೆ ಎಷ್ಟೇ ದೊಡ್ಡ ಕಾರ್ಡ್ ಇದ್ದರೂ ಆಟ ತೆರೆಯುವುದಿಲ್ಲ. ಹಾಗಾಗಿ ಮೊದಲು ಒಂದೊಂದೇ ಯಂತ್ರದ ಬಯೋಸ್ ತೆರೆದು ಆ ಎರಡು ಇವೆಯಾ ಅಂತ ನೋಡಿ. ಇಲ್ಲದ ಯಂತ್ರಗಳಿಗೆ ಮದರ್‌ಬೋರ್ಡ್, ಪ್ರೊಸೆಸರ್ ಬದಲಿಸಬೇಕಾಗುತ್ತದೆ. ಕಾರ್ಡಿಗೆ ಎತ್ತಿಟ್ಟ ದುಡ್ಡು ಅಲ್ಲಿಗೆ ಹೋಗಲಿ.